ಮೂರು ಫರ್ಸಿಗೆ ಒಬ್ಬರು

ಪಾದಯಾತ್ರೆಯಲ್ಲಿ ನಾನು ಮೂವತ್ತೊಂದು ವರ್ಷ ದುಡಿದೆ, ನಡೆದದ್ದು ಮಾತ್ರ ಇಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಮೇಲು. ಏಕೆಂದರೆ ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದಿರುವ ಶಶಿಕಲಾ ಮೊದಲ ದಿನವೇ ಇದನ್ನು ಪತ್ತೆ ಹಚ್ಚಿದಳು.

"ಕಾಕಾ, ನೀವು ಎಷ್ಟ್ ಸಲ ನಡದೀರಿ?" ಎಂದು ಕೇಳಿದಳು.

ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಮೊಪೆಡ್ಡಿನ ಮೇಲೆ ಹೋಗುತ್ತಿದ್ದೆನೆಂದು ಹೇಳಿದೆ. ಬಾಯಿಗೆ ಓಢಣಿ ಒತ್ತಿಕೊಂಡು ಅವಳು ನಕ್ಕ ನಗು ಇನ್ನೂ ನಿಂತಿಲ್ಲ. "ಹಂಗಾದ್ರ ಇಷ್ಟ್ ವರ್ಷ ಮಾಡಿದ್ದರ ಏನ್ರಿ?" ಎಂದಳು. "ಬರದ ಕೊಡ್ತೀನಿ, ಓದ್ಕೊ," ಎಂದೆ. ಅದೇ ಇದು.

ನಮ್ಮ ಚಿಂಚೋಳಿ ಕಡೆಯ ಒಂದು ಮಠದಿಂದ ಪ್ರತಿ ಚಳಿಗಾಲದಲ್ಲಿ ಕೂಡಲಸಂಗಮಕ್ಕೆ ಪಾದಯಾತ್ರೆ ಹೊರಡುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮುಟ್ಟಿ, ಭೀಮಾ ದಾಟಿ ಮುಂದಕ್ಕೆ. ಐನಾಪುರದವನಾದ ನಾನು ಮಠದ ಕಾರಕೂನ. ಯಾತ್ರೆಯ ದಿನಗಳಲ್ಲಿ ನನ್ನನ್ನು ವಸತಿ ಕಾರಕೂನ ಎನ್ನುತ್ತಿದ್ದರು. ನಡೆಯುವವರಿಗಿಂತ ಅರ್ಧ ದಿನ ಮುಂದಿರಬೇಕು. ಶಾಲೆಯೋ ಗುಡಿಯೋ ಗೋದಾಮೋ ಫಂಕ್ಷನ್ ಹಾಲೋ, ಸಿಕ್ಕಿದ್ದನ್ನು ಹಿಡಿಯಬೇಕು. ಕಸ ಹೊಡೆಸಬೇಕು, ನೀರು ತುಂಬಿಸಬೇಕು, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೀಟು ಹಾಕಿಡಬೇಕು. ಮಂದಿ ಬರುವ ಹೊತ್ತಿಗೆ ಯಾರು ಎಲ್ಲಿ ಬೀಳಬೇಕೆಂಬುದು ತಯಾರಿರಬೇಕು. ಬೀಳುವುದು ಎಂದೇ ಬರೆದಿದ್ದೇನೆ. ಹಗಲೆಲ್ಲ ನಡೆದು ಬಂದವರು ಮಲಗುವುದಿಲ್ಲ, ಬೀಳುತ್ತಾರೆ.

ಆ ಗೀಟಿನ ಲೆಕ್ಕ ಹುಟ್ಟಿದ ಕತೆ ಹೀಗಿದೆ. ಯಾತ್ರಾ ಸಮಿತಿಯ ಯಜಮಾನರು ಒಬ್ಬ ಸಾವ್ಕಾರರು. ಬಟ್ಟೆ ಅಂಗಡಿಯವರು, ಆಳು ಗಿಡ್ಡ, ಮಾತು ಉದ್ದ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅವರು ನನ್ನನ್ನು ಮಠದ ಪಡಸಾಲೆಗೆ ಕರೆದೊಯ್ದರು. ನಮ್ಮ ಕಡೆ ಎಲ್ಲಿ ಹೋದರೂ ನೆಲಕ್ಕೆ ಶಹಾಬಾದಿನ ಕಲ್ಲು, ಅಂದರೆ ಫರ್ಸಿ. ಆ ಕಾಲದ ಶಾಲೆಗಳಲ್ಲೂ ಗುಡಿಗಳಲ್ಲೂ ಹೆಚ್ಚಾಗಿ ಒಂದೇ ಅಳತೆ, ಒಂದಡಿ ಎಂಟಿಂಚು. ಸಾವ್ಕಾರರು ಟೊಪ್ಪಿಗೆ ತೆಗೆದಿಟ್ಟು ನೆಲದ ಮೇಲೆ ಅಂಗಾತ ಮಲಗಿದರು. ನೆತ್ತಿಯಿಂದ ಹಿಮ್ಮಡಿಯವರೆಗೆ ಸರಿಯಾಗಿ ಮೂರು ಫರ್ಸಿ ಬಂತು.

ಮಲಗಿದಲ್ಲಿಂದಲೇ ಹೇಳಿದರು: "ನೋಡ್ಕೊ ಈರಣ್ಣ. ಮನುಷ್ಯಂದು ಇಷ್ಟೇ ಅಳತಿ. ಮೂರು ಫರ್ಸಿಗಿ ಒಬ್ರು. ಫರ್ಸಿ ಎಣಿಸು, ಮೂರರಲೆ ಭಾಗಸು, ಮುಗೀತು."

ಬಾಗಿಲಲ್ಲಿ ನಿಂತು ಎಣಿಸಿದರೆ ಇಡೀ ಹಾಲಿನ ಲೆಕ್ಕ ಎರಡು ನಿಮಿಷದಲ್ಲಿ ಕೈಗೆ ಬರುತ್ತಿತ್ತು. ಮಂದಿ ನನಗೆ ಫರ್ಸಿ ಈರಣ್ಣ ಎಂದು ಹೆಸರಿಟ್ಟರು. ಅಗಲಕ್ಕೆ ಒಂದೇ ಫರ್ಸಿ ಇರುವುದರಿಂದ ಒಬ್ಬರು ಮಗ್ಗಲು ಬದಲಾಯಿಸಿದರೆ ಇಡೀ ಸಾಲು ಬದಲಾಯಿಸಬೇಕಾಗುತ್ತಿತ್ತು ಎಂದು ಕೇಳಿದ್ದೇನೆ. ನೋಡಿಲ್ಲ. ನಾನು ಮಲಗುತ್ತಿದ್ದದ್ದು ಸಾಮಾನಿನ ಲಾರಿಯಲ್ಲಿ, ಮಂದಿಯ ಹೆಚ್ಚಿನ ಹಾಸಿಗೆಯ ಗಂಟುಗಳ ಮೇಲೆ. ಇಡೀ ಯಾತ್ರೆಯಲ್ಲಿ ಅಷ್ಟು ಮೆತ್ತಗಿನ ಜಾಗ ಇನ್ನೊಂದಿರಲಿಲ್ಲ.

ಅಂಬವ್ವಕ್ಕನನ್ನು ಇಲ್ಲಿ ತರಲೇಬೇಕು. ಕಾಗಿಣಾ ದಂಡೆಯ ಅಂಬಿಗರ ಮನೆಯ ಹೆಣ್ಣುಮಗಳು. ಅವಳ ಅಪ್ಪ ಹರಗೋಲು ಹಾಕುತ್ತಿದ್ದನಂತೆ, ಅವಳು ಹೊಲದ ಕೂಲಿ ಮಾಡಿಕೊಂಡಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ನನಗಿಂತ ನಾಲ್ಕು ಬೆರಳು ಎತ್ತರ. ಸಾವ್ಕಾರರ ಪಕ್ಕದಲ್ಲಿ ನಿಂತರೆ ಅವರು ಮಾತು ಮರೆಯುತ್ತಿದ್ದರು. ಅವಳು ಬಂದ ಮೊದಲ ವರ್ಷವೇ ಸೇಡಂನಲ್ಲಿ ಜಗಳ ಎದ್ದಿತು, ಅವಳ ಕಾಲು ಮುಂದಿನವಳ ತಲೆಗೆ ತಾಕುತ್ತದೆಂದು.

"ಈರಣ್ಣ, ನಂಗ ನಾಲ್ಕು ಫರ್ಸಿ ಬೇಕೋ," ಎಂದಳು.

"ಲೆಕ್ಕಕ್ಕ ಬರಲ್ಲಕ್ಕ. ನಿನಗೊಂದ ಕೊಟ್ರ ಎಲ್ಲಾರೂ ಕೇಳ್ತಾರ," ಎಂದೆ.

"ನೀ ಒಮ್ಮಿ ಮಲಗಿ ನೋಡು ಮೂರರಾಗ."

"ನನ್ನ ಕೆಲಸ ಎಣಿಸೂದು, ಮಲಗೂದಲ್ಲ."

ಈ ಸಂಭಾಷಣೆ ವರ್ಷಕ್ಕೊಮ್ಮೆ, ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ ನಡೆಯುತ್ತಿತ್ತು. ಅವಳು ನಗುತ್ತಲೇ ಕೇಳುತ್ತಿದ್ದಳು, ನಾನು ನಗುತ್ತಲೇ ಇಲ್ಲವೆನ್ನುತ್ತಿದ್ದೆ.

ಇನ್ನು ನನ್ನ ತಪ್ಪುಗಳು. ಶಶಿಕಲಾ, ಇವನ್ನು ಗಮನವಿಟ್ಟು ಓದು, ಇವೇ ಈ ಕೆಲಸದ ಪಾಠ. ಚಿಂಚೋಳಿಯ ಆಚೆ ಗಡಿ ಹತ್ತಿರದ ಹಳ್ಳಿಗಳಲ್ಲಿ ಅರ್ಧ ಮಾತು ತೆಲುಗು. ಫೋನು ಆಗಷ್ಟೇ ಮಠಕ್ಕೆ ಬಂದಿತ್ತು. ನಮ್ಮ ಹಾದಿಯಲ್ಲಿ ಸಿಗುವ ಒಂದು ಹಳ್ಳಿಯ ಹಿರಿಯರಿಗೆ ಫೋನು ಹಚ್ಚಿ ಜಾಗ ಉಂಟೇನ್ರಿ ಎಂದು ಕೇಳಿದೆ. ಅವರು, "ರೆಂಡು ಗದುಲು ಉನ್ನಾಯಿ," ಎಂದರು. ತೆಲುಗಿನಲ್ಲಿ ಗದಿ ಎಂದರೆ ಕೋಣೆ. ನನಗೆ ಕೇಳಿಸಿದ್ದು ಗಾದಿ, ಮಲಗುವ ಹಾಸಿಗೆ. ಇಷ್ಟು ಮಂದಿಗೆ ಎರಡು ಗಾದಿ ತೆಗೆದುಕೊಂಡು ಏನು ಮಾಡಲಿ?

"ಗಾದಿ ಬ್ಯಾಡ್ರಿ, ನಮ್ಮವರು ನೆಲದ ಮ್ಯಾಲೇ ಮಲಗ್ತಾರ," ಎಂದು ಬಹಳ ವಿನಯದಿಂದ ಫೋನು ಇಟ್ಟೆ.

ಮಂದಿಯನ್ನೆಲ್ಲ ಪಕ್ಕದ ಊರಿನ ಹನುಮಂತನ ಗುಡಿಯಲ್ಲಿ ತುರುಕಿದೆ. ಮರುದಿನ ಮುಂಜಾನೆ ಆ ಹಳ್ಳಿ ದಾಟುವಾಗ ಹಿರಿಯರು ಹಾದಿಗೆ ಬಂದು ನಿಂತಿದ್ದರು. ಎರಡು ಕೋಣೆ ತೋರಿಸಿದರು. ಒಂದೊಂದರಲ್ಲಿ ಒಂದೊಂದು ಮದುವೆ ಮಾಡಬಹುದಿತ್ತು. ಸುಣ್ಣ ಹೊಡೆಸಿ, ಬಾಗಿಲಿಗೆ ಮಾವಿನೆಲೆ ಕಟ್ಟಿಸಿದ್ದರು. ಸಾವ್ಕಾರರು ನನ್ನ ಕಡೆ ನೋಡಿದರು. ನಾನು ಮೊಪೆಡ್ಡಿನ ಚಕ್ರದಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡತೊಡಗಿದೆ.

ಇನ್ನೊಂದು ವರ್ಷ ಎಳ್ಳ ಅಮಾವಾಸ್ಯೆಯ ದಿನವೇ ಆಡಕಿಯಲ್ಲಿ ತಂಗುವುದೆಂದು ಗೊತ್ತು ಮಾಡಿದ್ದೆ. ದಿನದರ್ಶಿಕೆ ನೋಡದೆ ಮಾಡಿದ ಘನಕಾರ್ಯ ಅದು. ಮುಂಜಾನೆ ಹೋದರೆ ಊರಲ್ಲಿ ನಾಯಿ ಬಿಟ್ಟು ಯಾರೂ ಇಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಬೆಳೆಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದಾರೆ. ಶಾಲೆಗೆ ಬೀಗ. ಕೀಲಿ ಶಾಲೆಯ ಜವಾನನ ಹತ್ತಿರ. ಅವನನ್ನು ಹುಡುಕಿಕೊಂಡು ತೊಗರಿ ಸಾಲುಗಳಲ್ಲಿ ಇಳಿದೆ. ಮೊದಲ ಹೊಲದವರು ಕೈ ಹಿಡಿದು ಕೂಡ್ರಿಸಿದರು. ಆ ದಿನ ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡೆ. "ಜವಾನ ಆಚಿ ಹೊಲದಾಗ ಅದಾನ್ರಿ," ಎಂದರು. ಆಚೆ ಹೊಲದಲ್ಲೂ ಅದೇ ಊಟ, ಅದೇ ಉತ್ತರ. ಏಳನೇ ಹೊಲದಲ್ಲಿ ಜವಾನ ಸಿಕ್ಕ. ನನಗೆ ಬಗ್ಗಲಿಕ್ಕೂ ಆಗುತ್ತಿರಲಿಲ್ಲ.

"ಶಾಲಿ ಕೀಲಿ ಮನ್ಯಾಗ ಅದರಿ," ಎಂದ ಅವನು. "ಮನಿ ಕೀಲಿ ನಮ್ಮಾಕಿ ಬಲ್ಲಿ ಅದ. ಆಕಿ ತವರಮನಿಯವರ ಹೊಲಕ್ಕ ಹೋಗ್ಯಾಳ. ಕುಂದ್ರಿ, ಮೊದಲ ಉಣ್ರಿ."

ಎಂಟನೇ ಹೊಲದಲ್ಲಿ ಕೀಲಿ ಹಿಡಿದು ನಾನು ಮೇಲೇಳುವಷ್ಟರಲ್ಲಿ ನಮ್ಮ ಮಂದಿ ಊರಿಗೆ ಬಂದಾಗಿತ್ತು. ಖಾಲಿ ಊರು ನೋಡಿ ಅವರು ಗಾಬರಿಯಾಗಲಿಲ್ಲ. ಹೊಲದವರು ಕೂಗಿ ಕರೆದರು, ಇವರು ಹೋದರು. ದಾರಿಯ ಎರಡೂ ಬದಿಗೆ ಹೊಲಕ್ಕೆ ಹತ್ತರಂತೆ ಕುಳಿತು ಉಣ್ಣುತ್ತಿದ್ದರು. ಅಂಬವ್ವಕ್ಕ ಒಂದು ಬದುವಿನ ಮೇಲೆ ಎರಡೂ ಕಾಲು ಚಾಚಿ ಕುಳಿತಿದ್ದಳು. "ಈರಣ್ಣ, ಇಲ್ಲಿ ಫರ್ಸಿ ಇಲ್ಲ ನೋಡು, ಜಾಗಾ ಭಾಳ ಅದ," ಎಂದಳು. ನಮ್ಮ ಅಡುಗೆಯವರು ಮಾತ್ರ ಮಾಡಿಟ್ಟ ಬೇಳೆ ಯಾರೂ ಮುಟ್ಟಲಿಲ್ಲವೆಂದು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು.

ಗದ್ದಲದ ಬಗ್ಗೆ ಎರಡು ಮಾತು. ಚಿತ್ತಾಪುರ ಬರುವ ಹೊತ್ತಿಗೆ ಹಾದಿಯ ಊರುಗಳವರು ಸೇರಿ ಸೇರಿ ಯಾತ್ರೆ ಊದಿಕೊಂಡಿರುತ್ತದೆ. ಪ್ರತಿ ಊರಿನ ಮುಖಂಡನೂ ಹತ್ತೇ ಮಂದಿ ಎನ್ನುತ್ತಾನೆ, ಅವನ ಹತ್ತು ಎಂದರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಮಂದಿಯನ್ನು ಎಣಿಸಲು ಹೋಗಬೇಡ, ಅವರು ನಿಲ್ಲುವುದಿಲ್ಲ. ನೀರಿನ ತಂಬಿಗೆ ಎಣಿಸು. ಹಾಸಿಗೆಯನ್ನು ಇಬ್ಬರು ಹಂಚಿಕೊಂಡಾರು, ತಂಬಿಗೆಯನ್ನು ನಮ್ಮ ಮಂದಿ ಯಾರಿಗೂ ಕೊಡುವುದಿಲ್ಲ. ಊಟದ ಸಾಲಿನಲ್ಲಿ ನೂಕಾಟ ಸುರುವಾದರೆ ಗದರಬೇಡ. ಒಬ್ಬ ಅಜ್ಜನನ್ನು ಹಿಡಿದು ವಚನ ಹೇಳಿಸು. ವಚನ ನಡೆಯುವಾಗ ನೂಕಲು ಎಲ್ಲರಿಗೂ ನಾಚಿಕೆ. ಚಪ್ಪಲಿ ಕಳೆದವರ ಗೋಳಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ.

ಈಗ ವಾಡಿಯ ಕತೆ. ಇದನ್ನು ತಪ್ಪಿಸಿ ಬರೆಯೋಣವೆಂದು ಎರಡು ಸಲ ಪ್ರಯತ್ನಿಸಿದೆ, ಆಗಲಿಲ್ಲ.

ವಾಡಿಯಲ್ಲಿ ಒಂದು ವರ್ಷ ಹೊಸ ಫಂಕ್ಷನ್ ಹಾಲ್ ಎದ್ದಿತ್ತು. ಹೋಗಿ ನೋಡಿದರೆ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಬಾಗಿಲಲ್ಲಿ ನಿಂತು ರೂಢಿಯಂತೆ ಎಣಿಸಿದೆ, ಮೂರರಿಂದ ಭಾಗಿಸಿದೆ. ನಮ್ಮ ಇಡೀ ಮಂದಿ ಒಂದೇ ಸೂರಿನಡಿ ಹಿಡಿಯುತ್ತಾರೆಂದು ಲೆಕ್ಕ ಬಂತು. ಅಂಥ ಅದೃಷ್ಟ ಅದುವರೆಗೆ ಕಂಡಿರಲಿಲ್ಲ. ಗೀಟು ಹಾಕಲು ಸುಣ್ಣದ ಕಡ್ಡಿ ತೆಗೆದೆ. ಹಾಲಿನ ಮಾಲೀಕರು ಓಡಿ ಬಂದು, "ಹೊಸಾ ಟೈಲ್ಸ್ ಅದಾವರಿ, ಗೀಟ ಹಾಕಬ್ಯಾಡ್ರಿ," ಎಂದರು. ಆಯಿತೆಂದು ಕಡ್ಡಿ ಜೇಬಿಗಿಟ್ಟು ಚಹಾ ಕುಡಿಯಲು ಹೋದೆ. ಗೀಟು ಹಾಕಿದ್ದರೆ ತಪ್ಪು ಆಗಲೇ ಕಣ್ಣಿಗೆ ಬೀಳುತ್ತಿತ್ತು.

ಸಂಜೆ ನಾಲ್ಕಕ್ಕೆ ಮಂದಿ ಬಂದರು. ಮೂರರಲ್ಲಿ ಒಂದು ಪಾಲು ಒಳಗೆ ಹೋಗುವಷ್ಟರಲ್ಲಿ ಹಾಲ್ ತುಂಬಿತು. ಉಳಿದ ಎರಡು ಪಾಲು ಗಂಟು ಹೊತ್ತುಕೊಂಡು ಬೀದಿಯಲ್ಲಿ ನಿಂತಿತು. ಸಾವ್ಕಾರರು ಒಳಗಿನಿಂದ ನನ್ನನ್ನು ಕರೆದರು.

"ಲೆಕ್ಕ ಹ್ಯಾಂಗ ಮಾಡಿದಿ?"

"ಮೂರಕ್ಕ ಒಬ್ರಂತರಿ, ಸಾವ್ಕಾರ್ರ."

ಅವರು ಕುಕ್ಕರಗಾಲಲ್ಲಿ ಕುಳಿತು ಒಂದು ಟೈಲ್ಸಿನ ಮೇಲೆ ಗೇಣು ಇಟ್ಟು ನೋಡಿದರು. ಉದ್ದ ಅಗಲ ಎರಡೂ ಒಂದೇ ಅಡಿ. ಮೂರು ಟೈಲ್ಸು ಕೂಡಿಸಿದರೆ ಒಂದು ಕೂಸು ಮಲಗುವಷ್ಟು ಜಾಗ. "ನಾನೇ ಹಿಡಿಯಂಗಿಲ್ಲಲ್ಲೋ ಇದ್ರಾಗ," ಎಂದರು. ಆಮೇಲೆ ಎದ್ದು, "ಕತ್ತಲಾಗೂದ್ರಾಗ ಒಬ್ಬರರ ಹೊರಗ ಉಳದ್ರ ನೀ ಸೀದಾ ಐನಾಪುರದ ಹಾದಿ ಹಿಡಿ. ಮಠಕ್ಕ ಮತ್ತ ಬರಬ್ಯಾಡ," ಎಂದರು.

ಪುಷ್ಯ ಮಾಸದ ಚಳಿ, ಉಳಿದದ್ದು ಎರಡು ತಾಸಿನ ಬೆಳಕು. ಮನೆಯಲ್ಲಿ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲ, ಬೇರೆ ಕೆಲಸ ನನಗೆ ಗೊತ್ತಿರಲಿಲ್ಲ. ಬೀದಿಗೆ ಬಂದು ಗೋಡೆಗೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ. ಅಂಬವ್ವಕ್ಕ ಗಂಟು ಇಳಿಸಿ ನನ್ನ ಹತ್ತಿರ ಬಂದಳು.

"ಯಾಕ ಅಳಲಿಕತ್ತಿ? ನನ್ನ ಮಗ ಇದೇ ಊರಾಗ ರೈಲ್ವೇದಾಗ ಇದ್ದ. ಇದು ಪಾಳಿ ಊರು. ಅರ್ಧ ಗಂಡಸರು ರಾತ್ರಿ ಪಾಳಿಗಿ ಹೋಗ್ತಾರ, ಅವರ ಹಾಸಿಗಿ ಖಾಲಿ ಇರ್ತಾವ. ನಡಿ, ಕೇಳೂಣು."

ಎಂಥ ಬುದ್ಧಿ ಎಂದು ನಾನೇ ಮುಂದೆ ಓಡಿ ಮೊದಲ ಮನೆಯ ಬಾಗಿಲು ಬಡಿದೆ. ಒಬ್ಬ ಹೆಣ್ಣುಮಗಳು ಬಾಗಿಲು ತೆಗೆದಳು. ಉಸಿರು ಹಿಡಿದು ಕೇಳಿದೆ, "ನಿಮ್ಮ ಮನಿಯವರು ರಾತ್ರಿ ಮನ್ಯಾಗ ಇರ್ತಾರೇನ್ರಿ?"

ಅವಳು ಒಳಗೆ ಹೋಗಿ ಕಸಬರಿಗೆ ತಂದಳು. ಅಂಬವ್ವಕ್ಕ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದು ತಾನು ಮುಂದೆ ನಿಂತಳು. "ಸಿಟ್ಟಾಗಬ್ಯಾಡವ್ವ, ಇವಗ ಕೇಳಾಕ ಬರಲ್ಲ. ನಾವು ಸಂಗಮಕ್ಕ ನಡಕೋತ ಹೊಂಟೀವಿ, ನಾಲ್ಕು ಹೆಣ್ಣಮಕ್ಕಳಿಗಿ ಜಾಗಾ ಕೊಡ್ತಿ?" ಕಸಬರಿಗೆ ಕೆಳಗಿಳಿಯಿತು. "ನಾಲ್ಕ ಯಾಕ, ಆರು ಕಳಸ್ರಿ," ಎಂದಳು ಆಕೆ.

ಆಮೇಲೆ ಕೇಳುವುದು ಅವಳ ಕೆಲಸ, ಎಣಿಸುವುದು ನನ್ನ ಕೆಲಸವಾಯಿತು. ಓಣಿಯಿಂದ ಓಣಿಗೆ ಹೋದೆವು. ಒಬ್ಬ ಮುಸಲ್ಮಾನ ಅಜ್ಜಿ, "ಕಿತ್ತೇ ಲೋಗಾಂ?" ಎಂದು ಮಂದಿ ಎಷ್ಟೆಂದು ಕೇಳಿ, ಉತ್ತರಕ್ಕೂ ಕಾಯದೆ ಅಂಗಳದ ಕುರಿ ಬಿಚ್ಚಿ ಪಕ್ಕದ ಮನೆಗೆ ಅಟ್ಟಿದಳು. ಅಲ್ಲಿ ಹನ್ನೆರಡು ಮಂದಿ ಹಿಡಿದರು. ಒಂದು ಮನೆಯಲ್ಲಿ ಪಾಳಿಗೆ ಹೊರಟಿದ್ದವನು ಇನ್ನೂ ಬೂಟು ಹಾಕಿಕೊಳ್ಳುತ್ತಿದ್ದ, ಅವನ ಮಂಚದ ಮೇಲೆ ನಮ್ಮವರಿಬ್ಬರು ಆಗಲೇ ಕುಳಿತಿದ್ದರು. ಬೀದಿ ದೀಪ ಹತ್ತುವಾಗ ಹೊರಗೆ ಉಳಿದವರು ಇಬ್ಬರೇ, ನಾನು ಮತ್ತು ಅಂಬವ್ವಕ್ಕ. ಅವಳನ್ನು ಆ ಅಜ್ಜಿ ಬಂದು ಎಳೆದುಕೊಂಡು ಹೋದಳು.

ಹೋಗುವಾಗ ತಿರುಗಿ ನಿಂತು ಹೇಳಿದಳು, "ನಿನ್ನ ಕೆಲಸ ಉಳಿಸೀನಿ. ಬರೋ ವರ್ಷ ನನಗ ನಾಲ್ಕು ಫರ್ಸಿ."

"ಖರೇನೇ ಕೊಡ್ತೀನಕ್ಕ," ಎಂದೆ. ಆ ಕ್ಷಣಕ್ಕೆ ಇಡೀ ಶಹಾಬಾದಿನ ಗಣಿಯನ್ನೇ ಕೊಡುವವನಿದ್ದೆ.

ಕೊಡಲಿಲ್ಲ. ಮರುವರ್ಷ ಸಾವ್ಕಾರರು ಪಕ್ಕದಲ್ಲೇ ನಿಂತಿದ್ದರು. ಅದರ ಮರುವರ್ಷ ಮಂದಿ ಭಾಳ. ಆಮೇಲೆ ಸಾವ್ಕಾರರು ತೀರಿಕೊಂಡರು. ನಿಯಮ ಬದಲಾಯಿಸಲು ನನ್ನನ್ನು ತಡೆಯುವವರು ಯಾರೂ ಇರಲಿಲ್ಲ, ಆದರೂ ಬದಲಾಯಿಸಲಿಲ್ಲ. ಅವಳು ಪ್ರತಿ ವರ್ಷ ನಾಲ್ಕು ಬೆರಳು ಎತ್ತಿ ತೋರಿಸುತ್ತಿದ್ದಳು, ನಾನು ಬರೋ ವರ್ಷ ಎಂದು ಕೈ ಆಡಿಸುತ್ತಿದ್ದೆ. ಹಾಗೆ ಹೆಚ್ಚು ಕಡಿಮೆ ಇಪ್ಪತ್ತು ವರ್ಷ. ನಾನು ಮಾಡಿದ ತಪ್ಪುಗಳಲ್ಲಿ ನಗಲಾರದ್ದು ಇದೊಂದೇ.

ಇಲ್ಲಿಯವರೆಗಿನದನ್ನು ಯಾತ್ರೆಗೆ ಮೊದಲೇ ಬರೆದು ಶಶಿಕಲಾಳಿಗೆ ಕೊಟ್ಟಿದ್ದೆ. ಅವಳು ಓದಿ, "ಈ ವರ್ಷ ನೀವು ನಡೀರಿ ಕಾಕಾ, ಮೊಪೆಡ್ ನಾ ಇಟ್ಕೋತೀನಿ," ಎಂದಳು. ಮಾತಿಗೆ ಸಿಕ್ಕಿಬಿದ್ದು ನಡೆದೆ. ಅವಳ ವಿಧಾನವೇ ಬೇರೆ. ಮುಂದಿನ ಊರಿನ ಹಾಲಿನ ಫೋಟೊ ಅವಳ ಫೋನಿಗೆ ಮೊದಲೇ ಬಂದಿರುತ್ತದೆ, ಟೈಲ್ಸು ಇದ್ದಲ್ಲಿ ಟೇಪು ಹಿಡಿದು ಅಳೆಯುತ್ತಾಳೆ. ನಾನಂತೂ ಮೊದಲ ನಾಲ್ಕು ದಿನ ಕಾಲಿಗೆ ಬೊಬ್ಬೆ ಎದ್ದು, ಲಾರಿ ಕಂಡಲ್ಲಿ ಹತ್ತಿ ಗಂಟುಗಳ ಮೇಲೆ ಮಲಗಿದೆ. ಐದನೇ ದಿನ ಲಾರಿಯ ಹಿಂದಿನ ಬಾಗಿಲಿಗೆ ಬೀಗ ಬಿದ್ದಿತ್ತು. ಕೀಲಿ ಶಶಿಕಲಾಳ ಕೊರಳಲ್ಲಿತ್ತು.

ಅಂದು ಶಹಾಬಾದಿಗೆ ಹಗಲು ಹನ್ನೊಂದಕ್ಕೇ ಮುಟ್ಟಿದ್ದೆವು. ಹಳೆಯ ಶಾಲೆ, ಹಳೆಯ ಫರ್ಸಿ, ಅದೇ ಅಡಿ ಎಂಟಿಂಚು. ಮಧ್ಯಾಹ್ನದ ವಿಶ್ರಾಂತಿಗೆ ಎಲ್ಲರೂ ಒಂದೇ ಹಾಲಿನಲ್ಲಿ ಬೀಳಬೇಕಿತ್ತು. ನನ್ನ ಹೆಸರಿನ ಮುಂದೆ ಸುಣ್ಣದ ಗೀಟು, ಮೂರು ಫರ್ಸಿ. ಅದೇ ಸಾಲಿನಲ್ಲಿ ನನಗಿಂತ ಮೊದಲಿನ ಮೂರು ಅಂಬವ್ವಕ್ಕನವು, ಅವಳ ಪಾದ ಮುಗಿಯುವಲ್ಲಿ ನನ್ನ ತಲೆ ಸುರು. ಅವಳು ಆಗಲೇ ಮೊಣಕಾಲು ಎದೆಗೆ ಮಡಚಿಕೊಂಡು ಮಲಗಿದ್ದಳು. ಹಾಗೇ ಮಲಗುವುದು ಅವಳ ರೂಢಿ.

ನಾನು ಮಲಗಿದೆ. ಜೀವನದಲ್ಲಿ ಮೊದಲ ಸಲ ಮೂರು ಫರ್ಸಿಯ ಮೇಲೆ ಮಲಗಿದೆ. ಎರಡೂ ಪಾದ ಗೀಟಿನಾಚೆ ಹೋದವು. ಆಚೆಯವನು ತಲೆ ಎತ್ತಿ, "ಕಾರಕೂನ್ರ, ಕಾಲು ತಗೀರಿ. ಅಳತಿ ನಿಮ್ಮದೇ ಅದ," ಎಂದ. ಇಡೀ ಸಾಲು ನಕ್ಕಿತು. ಮಡಚಿದರೆ ಸೊಂಟ ನೋವು, ಮಗ್ಗಲಾದರೆ ಪಕ್ಕದವನ ಮೊಣಕೈ. ಬೆನ್ನ ಕೆಳಗಿನ ಕಲ್ಲು ನಾನು ಎಣಿಸಿದ ಕಲ್ಲಿನಂತೆಯೇ ಇರಲಿಲ್ಲ. ಒಂದು ಗಳಿಗೆಯೂ ತಡೆಯದೆ ಎದ್ದು ಕುಳಿತೆ.

"ಶಶಿಕಲಾ, ಇನ್ನೊಂದ ಫರ್ಸಿ ಕೊಡವ್ವ," ಎಂದೆ.

"ಲೆಕ್ಕಕ್ಕ ಬರಲ್ಲರಿ ಕಾಕಾ. ನಿಮಗೊಂದ ಕೊಟ್ರ ಎಲ್ಲಾರೂ ಕೇಳ್ತಾರ," ಎಂದಳು. ಓದಿದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟಿದ್ದಳು.

ಹಾಲಿನಲ್ಲಿದ್ದವರು ನಗುತ್ತಲೇ ಇದ್ದರು. ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಅವಳ ಕೈಯಿಂದ ಸುಣ್ಣದ ಕಡ್ಡಿ ಇಸಕೊಂಡೆ. ಅಂಬವ್ವಕ್ಕನಿಗೂ ನನಗೂ ನಡುವಿನ ಗೀಟನ್ನು ಅಂಗೈಯಿಂದ ಒರೆಸಿದೆ. ಒಂದು ಫರ್ಸಿ ಈಚೆಗೆ ಸರಿದು ಹೊಸ ಗೀಟು ಹಾಕಿದೆ. ಅವಳಿಗೆ ನಾಲ್ಕು, ನನಗೆ ಎರಡು.

"ಅಕ್ಕ, ಕಾಲು ಚಾಚು. ನಾಲ್ಕಾದವು," ಎಂದೆ.

ಅವಳು ಎದ್ದು ಕುಳಿತು ಗೀಟು ನೋಡಿದಳು. ನಂಬಿಕೆಯಾಗದೆ ಒಂದೊಂದು ಫರ್ಸಿಯನ್ನೂ ಬೆರಳಿಂದ ಮುಟ್ಟಿ ಎಣಿಸಿದಳು. ಆಮೇಲೆ ಸೀರೆ ಸರಿಪಡಿಸಿಕೊಂಡು, ಅಂಗಾತ ಮಲಗಿ, ಮೆಲ್ಲಗೆ ಕಾಲು ಬಿಟ್ಟಳು. ಹಾಲಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

ಹಿಮ್ಮಡಿಗಳು ಮೂರನೇ ಫರ್ಸಿಯ ಅಂಚಿಗೆ ಬಂದು ನಿಂತವು. ನಾಲ್ಕನೆಯದು ಪೂರ್ತಿ ಖಾಲಿ ಉಳಿಯಿತು.

ಅವಳು ತಲೆ ಎತ್ತಿ ತನ್ನ ಕಾಲನ್ನು ನೋಡಿಕೊಂಡಳು, ನನ್ನನ್ನು ನೋಡಿದಳು, ಮತ್ತೆ ಕಾಲು ನೋಡಿದಳು. ಬೆನ್ನು ಯಾವಾಗ ಬಾಗಿತೋ, ಆಳು ಯಾವಾಗ ಕುಗ್ಗಿತೋ, ಮುದುಡಿ ಮಲಗುವವಳಿಗೆ ಗೊತ್ತಾಗುವುದು ಹೇಗೆ? ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಈರಣ್ಣ, ಭಾಳ ತಡಾ ಮಾಡಿದಿ. ನಾನೇ ಸಾವ್ಕಾರ್ರಷ್ಟ ಆಗೀನಿ ನೋಡೋ."

"ಹಂಗಾದ್ರ ಆ ಫರ್ಸಿ ವಾಪಸ್ ಕೊಡವ್ವ, ಅವರಿಗೆ ಎರಡೇ ಉಳದಾವ," ಎಂದಳು ಶಶಿಕಲಾ, ನಗು ತಡೆದುಕೊಂಡು.

"ಕೊಡಲ್ಲ," ಎಂದಳು ಅಂಬವ್ವಕ್ಕ. "ಇದು ನಂದು."

ತಲೆದೆಸೆಯಲ್ಲಿದ್ದ ತನ್ನ ಹಿತ್ತಾಳೆ ತಂಬಿಗೆ ತೆಗೆದು ನಾಲ್ಕನೇ ಫರ್ಸಿಯ ನಟ್ಟನಡುವೆ ಇಟ್ಟಳು. ಕಾಲು ಚಾಚಿಕೊಂಡೇ ನಿದ್ದೆ ಹೋದಳು. ನಾನು ಎರಡು ಫರ್ಸಿಯ ಮೇಲೆ ಮೊಣಕಾಲು ತಬ್ಬಿಕೊಂಡು, ಊಟದ ಗಂಟೆ ಬಾರಿಸುವವರೆಗೂ ಆ ತಂಬಿಗೆಯ ಕಾವಲು ಕುಳಿತಿದ್ದೆ.